ಗುಡ್ಡದ ಮೇಲಿನ ಕರಿಹಲಗೆ

ಮೇ ತಿಂಗಳು ಬಂತೆಂದರೆ ಅಸಲ್ಫದ ನಮ್ಮ ಗುಡ್ಡದಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬೀಳುತ್ತಿತ್ತು. ಮೇ ಒಂದಕ್ಕೆ ಶಾಲೆಯ ರಿಸಲ್ಟು. ಅದರ ಮರುದಿನದಿಂದಲೇ ಟ್ರಂಕು, ಗಂಟುಮೂಟೆ, ಪ್ಲಾಸ್ಟಿಕ್ ಕ್ಯಾನುಗಳನ್ನು ಹೊತ್ತುಕೊಂಡು ಜನ ಮೆಟ್ಟಿಲಿಳಿಯುತ್ತಿದ್ದರು. ಪುಣೆ, ಕೊಲ್ಹಾಪುರ, ಹುಬ್ಬಳ್ಳಿ ದಾಟಿ ಘಟ್ಟ ಇಳಿಯುವ ಬಸ್ಸು; ಒಂದು ಹಗಲು, ಒಂದು ರಾತ್ರಿ ಕಳೆದರೂ ಕರಾವಳಿಯ ಊರು ಸಿಗುತ್ತಿರಲಿಲ್ಲ. ಆದರೂ ಹೋಗಲೇಬೇಕು. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನದೊಳಗೆ ಊರಿನಲ್ಲಿ ನೇಮ, ಕೋಲ, ಮದುವೆ, ಬ್ರಹ್ಮಕಲಶ ಎಲ್ಲವೂ ಮುಗಿಯಬೇಕಲ್ಲ. ಮುಂಬಯಿಯಲ್ಲಿ ವರ್ಷವಿಡೀ ದುಡಿದದ್ದೇ ಆ ಮೂರು ವಾರಕ್ಕಾಗಿ ಎಂಬಂತೆ ಹೋಗುವವರು ಹೋಗುತ್ತಿದ್ದರು.

ನಾವು ಉಳಿಯುವವರು. ಅಪ್ಪ ಫೋರ್ಟಿನ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಅವರಿಗೆ ರಜೆ ಸಿಕ್ಕಿದ ವರ್ಷ ಬಸ್ಸಿಗೆ ದುಡ್ಡಿರುತ್ತಿರಲಿಲ್ಲ, ದುಡ್ಡಿದ್ದ ವರ್ಷ ರಜೆ ಸಿಗುತ್ತಿರಲಿಲ್ಲ. ಎಂಬತ್ತರ ದಶಕದ ನನ್ನ ಬೇಸಿಗೆಗಳು ಹೆಚ್ಚಾಗಿ ಕಳೆದದ್ದು ಆ ಗುಡ್ಡದಲ್ಲೇ. ಊರಿಗೆ ಹೋಗದವರ ಮುಂಬಯಿಯೊಂದು ಇದೆ. ಅದರ ಬಗ್ಗೆ ಯಾರೂ ಹೆಚ್ಚು ಬರೆದದ್ದನ್ನು ನಾನು ಕಂಡಿಲ್ಲ. ನಮ್ಮ ಪತ್ರಿಕೆಗಳಲ್ಲೂ ಬೇಸಿಗೆಯೆಂದರೆ ಊರಿನ ಜಾತ್ರೆ, ಊರಿನ ಮಾವು.

ಅಸಲ್ಫ ಘಾಟ್ಕೋಪರದಿಂದ ಅಂಧೇರಿಗೆ ಹೋಗುವ ದಾರಿಯಲ್ಲಿದೆ. ರಸ್ತೆಯಿಂದ ನೋಡಿದರೆ ಮನೆಯ ಮೇಲೆ ಮನೆ, ಅದರ ಮೇಲೆ ಇನ್ನೊಂದು ಮನೆ, ನಡುವೆ ಒಬ್ಬರು ಹೋಗುವಷ್ಟೇ ಅಗಲದ ಮೆಟ್ಟಿಲುಗಳು. ಕೆಲವೇ ಮೈಲಿ ಆಚೆಗೆ ವಿಹಾರ್ ಕೆರೆ. ಬ್ರಿಟಿಷರು ಮುಂಬಯಿಗೆ ಕೊಳಾಯಿ ನೀರು ಕೊಡಲು 1860ರಲ್ಲಿ ಮೊದಲು ಕಟ್ಟಿದ್ದೇ ಅದನ್ನು. ಆಮೇಲೆ ತುಳಸಿ, 1892ರಲ್ಲಿ ತಾನ್ಸಾ, ಸ್ವಾತಂತ್ರ್ಯ ಬಂದ ಮೇಲೆ ವೈತರಣಾ, ಭಾತ್ಸಾ. ಠಾಣೆ, ನಾಸಿಕದ ಕಡೆಯ ಬೆಟ್ಟಗಳಲ್ಲಿ ಬಿದ್ದ ಮಳೆ ಬಹಳ ದೂರ ಪೈಪಿನಲ್ಲಿ ಹರಿದು ನಗರಕ್ಕೆ ಬರುತ್ತದೆ. ಇಷ್ಟು ದೂರ ಬಂದ ನೀರಿಗೆ ನಮ್ಮ ಗುಡ್ಡದ ಕೊನೆಯ ಐವತ್ತು ಮೆಟ್ಟಿಲು ಹತ್ತುವ ಶಕ್ತಿ ಇರುತ್ತಿರಲಿಲ್ಲ. ಕೆಳಗಿನ ಸಾಲಿನವರಿಗೆ ನಳ್ಳಿ, ಮೇಲಿನವರಿಗೆ ತಲೆಹೊರೆ. ನೀರು ಯಾವ ಹೊತ್ತಿಗೆ ಬರುತ್ತದೆ ಎನ್ನುವುದು ಚಾವಿವಾಲಾನ ಕೈಯಲ್ಲಿ. ಮುನ್ಸಿಪಾಲ್ಟಿಯ ಖಾಕಿ ತೊಟ್ಟು, ಉದ್ದನೆಯ ಕಬ್ಬಿಣದ ಚಾವಿ ಹಿಡಿದು ರಸ್ತೆಯಲ್ಲಿ ವಾಲ್ವ್ ತಿರುಗಿಸುವ ಆ ಮನುಷ್ಯನನ್ನು ನಾವು ಮಕ್ಕಳು ಮಂತ್ರಿಗಿಂತ ದೊಡ್ಡವನೆಂದೇ ತಿಳಿದಿದ್ದೆವು. ಈಗಲೂ ನನ್ನ ಅಭಿಪ್ರಾಯ ಹೆಚ್ಚೇನೂ ಬದಲಾಗಿಲ್ಲ.

ನಾನು ಓದಿದ್ದು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಮರಾಠಿ, ಹಿಂದಿ, ಗುಜರಾತಿ, ಉರ್ದು, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ. ಹೋಟೆಲಿನಲ್ಲಿ ತಟ್ಟೆ ಎತ್ತುವವನ ಮಗಳಿಗೆ ಅವಳದೇ ಭಾಷೆಯ ಪಾಠಪುಸ್ತಕವನ್ನು ಪುಕ್ಕಟೆ ಕೊಟ್ಟ ನಗರ ಇದು. ಈ ಋಣವನ್ನು ನಾನು ಎಲ್ಲಿ ಬೇಕಾದರೂ ಗಟ್ಟಿಯಾಗಿ ಹೇಳುತ್ತೇನೆ. ಆ ಶಾಲೆಯಲ್ಲಿ ಕನ್ನಡದ ಜತೆಗೆ ಮರಾಠಿಯನ್ನೂ ಕಲಿಸುತ್ತಿದ್ದರು. ಹಾಗಾಗಿ ನಮ್ಮ ಸಾಲಿನಲ್ಲಿ ಮರಾಠಿ ನೋಟೀಸು ಓದಬಲ್ಲವರೆಂದರೆ ದೊಡ್ಡವರಲ್ಲ, ನಾವು ಐದನೆಯ ಆರನೆಯ ಕ್ಲಾಸಿನ ಮಕ್ಕಳು. ಹೆಂಗಸರು ಮಾತನಾಡುವಷ್ಟು ಮರಾಠಿ ಕಲಿತಿದ್ದರು, ಮೀನಿನವಳೊಡನೆ ಚೌಕಾಸಿ ಮಾಡುವಷ್ಟು. ಗೋಡೆಗೆ ಅಂಟಿಸಿದ ಸರಕಾರಿ ಮರಾಠಿ ಬೇರೆಯೇ. "ಎಂತ ಬರ್ದಿದ್ದಾರೆ ನೋಡು ಮಗಾ" ಎಂದು ಪಕ್ಕದ ಮನೆಯ ದೊಡ್ಡಮ್ಮ ನನ್ನ ಕೈಹಿಡಿದು ನಳ್ಳಿಯ ಹತ್ತಿರ ಕರೆದೊಯ್ದದ್ದೇ ನನ್ನ ಮೊದಲ ಸುದ್ದಿ ಕೆಲಸ.

ನಮ್ಮ ಸಾಲಿನ ಭಜನಾ ಮಂಡಳಿಗೆ ಒಂದು ಕೋಣೆಯಿತ್ತು. ಅದರ ಹೊರಗೋಡೆಯಲ್ಲಿ ಒಂದು ಕರಿಹಲಗೆ. ಮುಂಬಯಿಯ ಗಲ್ಲಿಗಲ್ಲಿಯಲ್ಲಿ ಇಂಥ ಸೂಚನಾ ಫಲಕಗಳಿವೆ, ಮರಾಠಿಯಲ್ಲಿ; ನಮ್ಮದು ಕನ್ನಡದ್ದು. ಮೊದಲು ಅದನ್ನು ಬರೆಯುತ್ತಿದ್ದವರು ಕ್ಯಾಂಟೀನಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದುತ್ತಿದ್ದ ಒಬ್ಬ ಅಣ್ಣ. ಆಗ ಹೋಟೆಲಿನ ಹುಡುಗರು ಹಗಲು ಲೋಟ ತೊಳೆದು ರಾತ್ರಿ ಮೆಟ್ರಿಕ್ ಕಟ್ಟುವುದು ಮುಂಬಯಿ ಕನ್ನಡಿಗರಲ್ಲಿ ಸಾಮಾನ್ಯ ಸಂಗತಿ. ಹೀಗೆ ಓದಿ ಬ್ಯಾಂಕು, ವಕಾಲತ್ತು, ಸ್ವಂತ ಹೋಟೆಲು ಎಂದು ಮೇಲೆ ಬಂದವರು ಬೇಕಾದಷ್ಟು ಮಂದಿ. ಆ ಅಣ್ಣನಿಗೆ ನಾಸಿಕದಲ್ಲಿ ಕೆಲಸ ಸಿಕ್ಕಿ ಹೊರಟಾಗ ಸುಣ್ಣದಕಡ್ಡಿಯ ಡಬ್ಬಿ ನನ್ನ ಕೈಗೆ ಬಂತು. ಹೊರಡುವ ಮೊದಲು ಅವರು ಹೇಳಿಕೊಟ್ಟದ್ದು ಇಷ್ಟೇ: "ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರನ್ನು ಕೇಳಬೇಕು. ಇದು ನಾಲ್ಕೂ ಇಲ್ಲದಿದ್ದರೆ ಬರೀಬೇಡ. ಉಳಿದದ್ದೆಲ್ಲ ಆಮೇಲೆ." ಮುಂದೆ ಸಂಘಸಂಸ್ಥೆಗಳ ಪತ್ರಿಕಾ ವರದಿ ಬರೆಯುವಾಗಲೂ ನಾನು ಇದನ್ನು ಬಿಡಲಿಲ್ಲ.

ಹಲಗೆಯ ಕೆಲಸವೆಂದರೆ ಬರೆಯುವುದಷ್ಟೇ ಅಲ್ಲ. ಬೇಸಿಗೆಯ ಧೂಳಿಗೆ ಅದು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಹಳೆಯ ಬ್ಯಾಟರಿ ಸೆಲ್ಲನ್ನು ಒಡೆದು, ಒಳಗಿನ ಮಸಿಯನ್ನು ನೀರಲ್ಲಿ ಕಲಸಿ, ಹರಕು ಬನಿಯನ್ನಿನಿಂದ ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಬಳಿಯಬೇಕು. ಅಡ್ಡಾದಿಡ್ಡಿ ಬಳಿದರೆ ಒಣಗಿದ ಮೇಲೆ ಗೆರೆ ಏಳುತ್ತದೆ. ಸುಣ್ಣದಕಡ್ಡಿಯನ್ನು ಒಂದು ಕ್ಷಣ ನೀರಲ್ಲಿ ಅದ್ದಿ ಬರೆದರೆ ಅಕ್ಷರ ಮೊದಲು ಕಾಣುವುದಿಲ್ಲ. ಆರಿದ ಮೇಲೆ ದಪ್ಪಗೆ, ಬೆಳ್ಳಗೆ ಮೂಡುತ್ತದೆ, ಕೈ ತಾಗಿದರೂ ಬೇಗ ಅಳಿಸುವುದಿಲ್ಲ. ನೀರಿನ ಹೊತ್ತನ್ನು ಹಾಗೆ ಬರೆಯುತ್ತಿದ್ದೆ. ಅದಕ್ಕೆ ಮೇಲಿನ ಎಡಮೂಲೆ ಕಾಯಂ. ಬಲಗಡೆ ಸಾವಿನ ಸುದ್ದಿ. ಊರಿಂದ ತಂತಿ ಬಂದರೆ ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ. ನಡುವೆ ಉಳಿದ ಲೋಕ: ಶನಿವಾರ ಸಂಜೆ ಭಜನೆ, ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂದಿದೆ, ಮುನ್ಸಿಪಾಲ್ಟಿ ದವಾಖಾನೆಯಲ್ಲಿ ಬುಧವಾರ ಮಕ್ಕಳಿಗೆ ಚುಚ್ಚುಮದ್ದು, ಮೆಟ್ರಿಕ್ ಪಾಸಾದವರ ಹೆಸರು, ಊರಿಗೆ ಹೋಗುವವರಲ್ಲಿ ಯಾರಾದರೂ ಕಾರ್ಕಳದ ಕಡೆಗೆ ಒಂದು ಔಷಧಿಯ ಕಟ್ಟು ಒಯ್ಯಬಹುದೇ ಎಂಬ ಕೋರಿಕೆ.

ಒಂದು ಮೇ ತಿಂಗಳಲ್ಲಿ ನಳ್ಳಿಯ ಪಕ್ಕ ನೋಟೀಸು ಬಿತ್ತು. ದೊಡ್ಡ ಪೈಪಿನ ದುರಸ್ತಿ, ಗುರುವಾರ ಬೆಳಿಗ್ಗೆಯಿಂದ ಶುಕ್ರವಾರ ಬೆಳಿಗ್ಗೆಯ ತನಕ ನೀರಿಲ್ಲ. ನೋಟೀಸು ಅಂಟಿಸಿದ್ದು ಬುಧವಾರ ಮಧ್ಯಾಹ್ನ. ಹೇಗೂ ಅರ್ಧ ಮನೆಗಳು ಖಾಲಿ, ಉಳಿದ ಗಂಡಸರೆಲ್ಲ ಹೋಟೆಲಿನಲ್ಲಿ. ಬರುವುದು ಕೊನೆಯ ಲೋಕಲ್ ಗಾಡಿಗೆ. ನಾನು ಹಲಗೆಯಲ್ಲಿದ್ದುದನ್ನೆಲ್ಲ ಒರೆಸಿ ಈ ಒಂದೇ ಸುದ್ದಿಯನ್ನು ದೊಡ್ಡದಾಗಿ ಬರೆದೆ. ಓದಲು ಬಾರದ ಅಜ್ಜಿಯರಿಗಾಗಿ ಮೆಟ್ಟಿಲು ಹತ್ತಿ ಬಾಗಿಲು ಬಾಗಿಲಿಗೆ ಹೇಳಿಬಂದೆ. ಆ ಸಂಜೆ ನೀರು ಬಂದಾಗ ಯಾರೂ ಯಾರಿಗೂ ಕೂಗದೆ ಒಂದು ಏರ್ಪಾಡು ತಾನಾಗಿ ಆಗಿಬಿಟ್ಟಿತು. ಕೆಳಗಿನ ಸಾಲಿನ ಮರಾಠಿ ಮಾವಶಿ ತನ್ನ ನಳ್ಳಿಗೆ ರಬ್ಬರ್ ಪೈಪು ಸಿಕ್ಕಿಸಿ ಮೇಲಕ್ಕೆ ಎಳೆದುಕೊಟ್ಟಳು. ಊರಿಗೆ ಹೋದವರ ಬಾಗಿಲ ಹೊರಗೆ ಕವುಚಿಟ್ಟಿದ್ದ ಡ್ರಮ್ಮುಗಳನ್ನೂ ತೊಳೆದು ತುಂಬಿದೆವು. ಬಸುರಿಯಿದ್ದ ಒಂದು ಮನೆಗೆ, ಜ್ವರದ ಮಗುವಿದ್ದ ಇನ್ನೊಂದು ಮನೆಗೆ ಮೊದಲು. ಗುರುವಾರ ಸುಡುವ ಬಿಸಿಲು. ಆ ದಿನ ನಮ್ಮ ಸಾಲಿನಲ್ಲಿ ನೀರಿಗಾಗಿ ಒಂದು ಜಗಳವೂ ಆಗಲಿಲ್ಲ. ಸುದ್ದಿಯೊಂದು ಹೊತ್ತಿಗೆ ಸರಿಯಾಗಿ ತಲುಪಿದರೆ ಏನಾಗುತ್ತದೆಂದು ನನಗೆ ಯಾವ ಪತ್ರಿಕೋದ್ಯಮದ ಪುಸ್ತಕವೂ ಬೇರೆಯಾಗಿ ಕಲಿಸಬೇಕಾಗಿ ಬರಲಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಇರುತ್ತಿತ್ತು, ಅದು ಸಂತೋಷದ್ದು. ಅಸಲ್ಫದ ಶ್ರೀ ಗೀತಾಂಬಿಕಾ ದೇವಸ್ಥಾನದ ಹೆಸರಿನ ಯಕ್ಷಗಾನ ಮಂಡಳಿಯನ್ನು ಮುಂಬಯಿಯ ಕನ್ನಡಿಗರೆಲ್ಲ ಬಲ್ಲರು. ರಜೆಯಲ್ಲಿ ಚೆಂಡೆಯ ಸದ್ದು ಕೇಳಿದರೆ ನಾವು ಮಕ್ಕಳು ಓಡುತ್ತಿದ್ದೆವು. ಹಗಲೆಲ್ಲ ದೋಸೆ ಹುಯ್ಯುವವರು, ಗಲ್ಲೆಯಲ್ಲಿ ಕೂರುವವರು, ಕಂಪನಿಯ ಗೇಟು ಕಾಯುವವರು ರಾತ್ರಿ ಹೆಜ್ಜೆ ಹಾಕುತ್ತಿದ್ದರು. ಊರಿನ ಮೇಳಗಳು ಮುಂಬಯಿಗೆ ಬರುವುದು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಏನಿದ್ದರೂ ನಮ್ಮವರದೇ. ಆಮೇಲೆ ಜೂನ್ ಮೊದಲ ವಾರದ ನೋಟ್ ಪುಸ್ತಕ ವಿತರಣೆ. ಮುಂಬಯಿಯ ಯಾವ ಕನ್ನಡ, ತುಳು ಸಂಘವನ್ನು ಕೇಳಿ, ಅದರ ವರ್ಷದ ಕೆಲಸಗಳಲ್ಲಿ ಇದು ಇದ್ದೇ ಇರುತ್ತದೆ. ಹನ್ನೆರಡು ಪುಸ್ತಕ, ಒಂದು ಕಂಪಾಸು ಪೆಟ್ಟಿಗೆ, ಕೆಲವರಿಗೆ ರೇನ್‌ಕೋಟು. ಭಾಷಣಗಳು ಮುಗಿಯುವ ತನಕ ನಾವು ಸಾಲಿನಲ್ಲಿ ಕೂತಿರಬೇಕು. ಆದರೆ ಹೊಸ ಪುಸ್ತಕದ ವಾಸನೆಗೆ ಅದು ದೊಡ್ಡ ಬೆಲೆಯಲ್ಲ. ಈ ಕೆಲಸವನ್ನು ಸಣ್ಣದೆಂದು ನೋಡುವವರನ್ನು ಕಂಡರೆ ನನಗೆ ಬೇಸರ. ನನ್ನ ಅಮ್ಮನಿಗೆ ಜೂನ್ ತಿಂಗಳ ರೇಷನ್ನಿನ ದುಡ್ಡು ಉಳಿಯುತ್ತಿದ್ದುದು ಆ ಹನ್ನೆರಡು ಪುಸ್ತಕಗಳಿಂದ.

ಸಂಘ ಕಟ್ಟುವ ಈ ಬುದ್ಧಿ ನಮ್ಮವರಿಗೆ ಹಳೆಯದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಮಾಟುಂಗದ ಮೈಸೂರು ಅಸೋಸಿಯೇಶನ್ 1926, ಬಂಟರ ಸಂಘ 1927, ಬಿಲ್ಲವರ ಅಸೋಸಿಯೇಶನ್ 1932, ಕರ್ನಾಟಕ ಸಂಘ 1933. ಆಮೇಲೆ ಉಪನಗರಗಳು ಬೆಳೆದಂತೆ ಚೆಂಬೂರು, ಡೊಂಬಿವಲಿ ಎಂದು ಸ್ಟೇಶನ್ನಿಗೊಂದರಂತೆ. ಇವುಗಳಲ್ಲಿ ಹಲವು ತಮ್ಮದೇ ಮಾಸಿಕಗಳನ್ನೂ ನಡೆಸಿದವು. ದಿನಪತ್ರಿಕೆಯ ಕಥೆ ಬೇರೆ. ಮಣಿಪಾಲದ 'ಉದಯವಾಣಿ' ನಮ್ಮ ಕೈಗೆ ಸಿಗುತ್ತಿದ್ದುದು ತಡವಾಗಿ. ಅಪ್ಪ ಹೋಟೆಲಿನಲ್ಲಿ ಎಲ್ಲರೂ ಓದಿ ಮುಗಿಸಿದ ಪ್ರತಿಯನ್ನು ಮಡಚಿ ತರುತ್ತಿದ್ದರು. ತೊಂಬತ್ತರ ದಶಕದಲ್ಲಿ ಮುಂಬಯಿಯಲ್ಲೇ ಅಚ್ಚಾಗುವ 'ಕರ್ನಾಟಕ ಮಲ್ಲ' ಬಂತು. ಅದನ್ನು ಕಟ್ಟಿದವರು ಮುರಳೀಧರ ಶಿಂಗೋಟೆ, ಪತ್ರಿಕೆ ಹಂಚುವ ಕೆಲಸದಿಂದ ಮೇಲೆ ಬಂದ ಮರಾಠಿಯವರು. ನಗರದಲ್ಲಿ ಕನ್ನಡ ಓದುವವರು ಇಷ್ಟು ಮಂದಿ ಇದ್ದಾರೆ, ಅವರಿಗೆ ಅವರದೇ ದಿನಪತ್ರಿಕೆ ಬೇಕು ಎಂದು ಹೊಳೆದದ್ದು ಕನ್ನಡೇತರ ವ್ಯಾಪಾರಿಯೊಬ್ಬರಿಗೆ ಎಂಬುದು ನನಗೆ ಯಾವತ್ತೂ ದೊಡ್ಡ ಸಂಗತಿಯಾಗಿ ಕಂಡಿದೆ.

ಆಗ ನಾನು ಕಾಲೇಜಿನಲ್ಲಿದ್ದೆ. ಭಜನಾ ಮಂಡಳಿಯ ವರದಿ ಬರೆದು ಪತ್ರಿಕೆಗಳಿಗೆ ತಲುಪಿಸುವ ಕೆಲಸ ತಾನಾಗಿ ನನಗೆ ಬಿತ್ತು. ವೇದಿಕೆಯಲ್ಲಿದ್ದವರ ಹೆಸರು, ಸ್ವಾಗತಿಸಿದವರು, ವಂದಿಸಿದವರು, ಸಹಕರಿಸಿದವರು, ಅರ್ಧ ಕಾಲಂ ಬರೇ ಹೆಸರುಗಳು. ಓದಿದ ಜನ ಇದನ್ನು ಕಂಡು ಮೂಗು ಮುರಿಯುತ್ತಾರೆ. ನಾನು ಮುರಿಯಲಾರೆ. ನಮ್ಮ ಸಾಲಿನಲ್ಲಿ ಒಬ್ಬ ಮಾಮ ಇದ್ದರು, ಬಾಳಿನುದ್ದಕ್ಕೂ ಹೋಟೆಲಿನ ಭಟ್ಟಿಯ ಮುಂದೆ ನಿಂತವರು. ಅನ್ನಸಂತರ್ಪಣೆಯ ಅಡುಗೆಯಲ್ಲಿ ಸಹಕರಿಸಿದವರೆಂದು ಅವರ ಹೆಸರು ಒಮ್ಮೆ ಅಚ್ಚಾಯಿತು. ಅವರು ಆ ಪುಟವನ್ನು ಕತ್ತರಿಸಿ ಊರಿಗೆ ಟಪಾಲಿನಲ್ಲಿ ಕಳುಹಿಸಿದರು. ಅವರ ತಾಯಿ ಅದನ್ನು ಚೌಕಟ್ಟು ಹಾಕಿಸಿ ದೇವರ ಕೋಣೆಯಲ್ಲಿಟ್ಟರಂತೆ. ಕೋಟಿ ಜನರ ನಗರದಲ್ಲಿ ಮಗ ಕಳೆದುಹೋಗಿಲ್ಲ ಎಂದು ಆ ತಾಯಿಗೆ ತಿಳಿದದ್ದು ಆ ಅರ್ಧ ಸಾಲಿನಿಂದ. ಹೆಸರು ಬರಲಿ, ಎಲ್ಲರದ್ದೂ ಬರಲಿ. ನನ್ನ ತಕರಾರು ಬೇರೆ: ಅದೇ ಪುಟದಲ್ಲಿ ನಾಳೆ ನೀರು ಎಷ್ಟು ಹೊತ್ತಿಗೆ, ಯಾವ ಶಾಲೆಯಲ್ಲಿ ದಾಖಲಾತಿ ನಡೆದಿದೆ, ವಿಧವಾ ಪಿಂಚಣಿಗೆ ಎಲ್ಲಿ ಅರ್ಜಿ ಕೊಡಬೇಕು ಎಂಬುದಕ್ಕೂ ಜಾಗ ಬೇಕು. ಸಂಘಗಳಿಂದ ಇಂಥ ಮಾಹಿತಿ ಹೋಗುವುದೇ ಇಲ್ಲ. ಹೋಗದ್ದನ್ನು ಪತ್ರಿಕೆ ಎಲ್ಲಿಂದ ಹಾಕುತ್ತದೆ?

ಮುನ್ಸಿಪಾಲ್ಟಿಯೆಂದರೆ ಮರಾಠಿಯವರದ್ದು, ನಮಗೇನು ಎಂಬ ಮಾತು ನಮ್ಮ ಹಿರಿಯರಲ್ಲಿ ಕೇಳಿಬರುತ್ತಿತ್ತು. ಆಗೆಲ್ಲ ಅಪ್ಪ ಜಾರ್ಜ್ ಫೆರ್ನಾಂಡಿಸರ ಹೆಸರು ಎತ್ತುತ್ತಿದ್ದರು. ಮಂಗಳೂರಿನಿಂದ ಬರಿಗೈಯಲ್ಲಿ ಬಂದು, ಹೋಟೆಲು, ಟ್ಯಾಕ್ಸಿ, ಮುನ್ಸಿಪಾಲ್ಟಿ ಕಾರ್ಮಿಕರ ನಡುವೆ ಸಂಘಟನೆ ಕಟ್ಟಿ, 1961ರಲ್ಲಿ ಮುಂಬಯಿ ಮಹಾನಗರಪಾಲಿಕೆಗೇ ಆರಿಸಿ ಬಂದವರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸಿನ ಎಸ್. ಕೆ. ಪಾಟೀಲರನ್ನು ಸೋಲಿಸಿದ ಕಥೆ ಎಲ್ಲರಿಗೂ ಗೊತ್ತು. ಅಪ್ಪನಿಗೆ ಮುಖ್ಯವಾಗಿದ್ದುದು ಅದಕ್ಕಿಂತ ಮೊದಲಿನದು, ಚರಂಡಿ, ನಳ್ಳಿಗಳ ಮಾತು ನಡೆಯುವ ಸಭೆಯಲ್ಲಿ ನಮ್ಮ ಕಡೆಯವರೊಬ್ಬರು ಕೂತಿದ್ದರು ಎನ್ನುವುದು. ಅವರೇ ರೈಲ್ವೆ ಮಂತ್ರಿಯಾದಾಗ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಅವರ ಮುಂದಾಳುತನದಲ್ಲಿ ರೋಹಾದಿಂದ ಮಂಗಳೂರಿನ ಹತ್ತಿರದ ತನಕ ಸುಮಾರು 740 ಕಿಲೋಮೀಟರ್ ಹಳಿ ಬಿದ್ದು, 1998ರ ಜನವರಿಯಲ್ಲಿ ಪೂರ್ತಿ ದಾರಿ ತೆರೆಯಿತು. ಆ ವರ್ಷದ ಮೇ ತಿಂಗಳಲ್ಲಿ ಕುರ್ಲಾದಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್. ರೈಲಿನ ಹೊತ್ತನ್ನು ನಾನು ಹಲಗೆಯಲ್ಲಿ ನೀರಿನ ಹೊತ್ತಿನ ಕೆಳಗೇ ಬರೆದೆ, ಕಡ್ಡಿಯನ್ನು ಅದ್ದಿಕೊಂಡೇ. ಅದನ್ನು ಯಾರೂ ಬಹಳ ದಿನ ಅಳಿಸಗೊಡಲಿಲ್ಲ. ಅಪ್ಪ ರಿಟೈರ್ ಆಗುವ ಮೊದಲು ಒಂದು ಬೇಸಿಗೆ ನಾವೂ ಹತ್ತಿದೆವು. ಮರುದಿನ ಬೆಳಿಗ್ಗೆ ಉಡುಪಿಯಲ್ಲಿಳಿದಾಗ ಅಮ್ಮ ಪ್ಲಾಟ್‌ಫಾರ್ಮಿನಲ್ಲೇ ಕೂತು, ಇಷ್ಟೇ ದೂರವಾ ಎಂದು ಕೇಳಿದರು.

ಇನ್ನೊಂದು ಸಂಗತಿಯನ್ನು ಬರೆಯದೆ ಈ ಹಲಗೆಯ ಮಾತು ಮುಗಿಸಲಾರೆ. ಪ್ರತಿವರ್ಷ ಮಳೆಗೆ ಮುಂಚೆ ಮುನ್ಸಿಪಾಲ್ಟಿಯವರು ಎರಡು ಕೆಲಸ ಮಾಡುತ್ತಾರೆ. ಒಂದು ನಾಲಾ ಸಫಾಯಿ. ಇನ್ನೊಂದು, ಗುಡ್ಡದ ಮನೆಗಳಿಗೆ ನೋಟೀಸು: ಈ ಜಾಗ ಅಪಾಯದ್ದು, ಮಳೆಗಾಲದಲ್ಲಿ ಬೇರೆಡೆಗೆ ಹೋಗಿ. ನಾನು ಅದನ್ನೂ ಕನ್ನಡಕ್ಕಿಳಿಸಿ ಬರೆಯುತ್ತಿದ್ದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರನ್ನು ಕೇಳಬೇಕು ಎಲ್ಲ ಬರೆಯಬಹುದಿತ್ತು. ಎಲ್ಲಿಗೆ ಎಂಬುದೊಂದು ಆ ನೋಟೀಸಿನಲ್ಲಿ ಇರುತ್ತಿರಲಿಲ್ಲ. "ಹೋಗುವುದೆಲ್ಲಿಗೆ ಮಾರಾಯ್ತಿ?" ಎಂದು ದೊಡ್ಡಮ್ಮ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. 2000ದ ಜುಲೈ 12ರಂದು ಘಾಟ್ಕೋಪರದ ಆಜಾದ್ ನಗರದಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿತ್ತು. ಸತ್ತವರು ಹತ್ತಿಪ್ಪತ್ತು ಮಂದಿಯಲ್ಲ, ಅದಕ್ಕಿಂತ ಬಹಳ ಹೆಚ್ಚು. ನಮ್ಮ ಸಾಲಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಯಾರೂ ಮನೆಯೊಳಗೆ ಮಲಗಲಿಲ್ಲ. ಮಂಡಳಿಯ ಕೋಣೆಯಲ್ಲಿ ಹೆಂಗಸರು ಮಕ್ಕಳು ಕಾಲು ಮಡಚಿಕೊಂಡು ಕೂತು ಬೆಳಗು ಮಾಡಿದೆವು. ಎಚ್ಚರಿಕೆ ಕೊಡುವವರು ಜಾಗವನ್ನೂ ತೋರಿಸಬೇಕು. ಇಪ್ಪತ್ತೈದು ವರ್ಷದಿಂದ ನಾನು ವಾರ್ಡ್ ಆಫೀಸಿನಲ್ಲಿ, ಸಂಘದ ಸಭೆಗಳಲ್ಲಿ, ನಗರಸೇವಕರ ಎದುರಿನಲ್ಲಿ ಇದನ್ನೇ ಹೇಳುತ್ತ ಬಂದಿದ್ದೇನೆ. ಮಳೆಗಾಲದ ತಿಂಗಳುಗಳಲ್ಲಿ ಸಂಘಗಳ ಸಭಾಭವನಗಳು ಎಷ್ಟೋ ರಾತ್ರಿ ಖಾಲಿ ಇರುತ್ತವೆ. ಒಂದು ಕೆಂಪು ಎಚ್ಚರಿಕೆಯ ರಾತ್ರಿಗಾದರೂ ಅವುಗಳ ಬಾಗಿಲು ಗುಡ್ಡದವರಿಗೆ ತೆರೆದಿರಲಿ.

ಈಗ ಅಸಲ್ಫದಲ್ಲಿ ಮೆಟ್ರೋ ನಿಲ್ಲುತ್ತದೆ, 2014ರಿಂದ. 2017ರ ಕೊನೆಗೆ ಯುವಕರು ಬಂದು ಗುಡ್ಡದ ಗೋಡೆಗಳಿಗೆ ನೀಲಿ, ಹಳದಿ, ಗುಲಾಬಿ ಬಳಿದರು. ಮೆಟ್ರೋದ ಕಿಟಕಿಯಿಂದ ನೋಡಿದರೆ ಚೆಂದವೇ. ಮಂಡಳಿಯ ಕೋಣೆಯಿದ್ದ ಜಾಗದಲ್ಲಿ ಈಗ ಎರಡಂತಸ್ತಿನ ಮನೆ. ನೀರಿನ ಸುದ್ದಿ ಫೋನಿಗೆ ಬರುತ್ತದೆ, ಕೆರೆಗಳಲ್ಲಿ ಶೇಕಡಾ ಎಷ್ಟು ನೀರಿದೆಯೆಂಬ ಲೆಕ್ಕ ಜೂನಿನಲ್ಲಿ ದಿನವೂ ಬರುತ್ತದೆ, ಆಪತ್ತಿಗೆ 1916ಕ್ಕೆ ಫೋನ್ ಮಾಡಿದರೆ ಎತ್ತುತ್ತಾರೆ. ಗುಡ್ಡದಲ್ಲಿದ್ದ ನಮ್ಮ ಊರಿನವರಲ್ಲಿ ಹೆಚ್ಚಿನವರು ಡೊಂಬಿವಲಿ, ವಸಾಯಿ, ಮೀರಾ ರೋಡಿನ ಕಡೆಗೆ ಫ್ಲಾಟು ಮಾಡಿಕೊಂಡು ಹೋದರು. ನಾನೂ ಡೊಂಬಿವಲಿಯವಳೇ ಈಗ.

ಆದರೆ ಮುಂಬಯಿಯ ಇಂಥ ಗುಡ್ಡಗಳಿಗೆ, ಕಟ್ಟಡ ಕೆಲಸದ ಜಾಗಗಳಿಗೆ ಬೇರೆ ಕನ್ನಡಿಗರು ಬಂದಿದ್ದಾರೆ, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಬೆಳಿಗ್ಗೆ ನಾಕಾದಲ್ಲಿ ಕೂಲಿಗಾಗಿ ನಿಲ್ಲುವವರು. ಉಳಿದಿರುವ ಮುನ್ಸಿಪಾಲ್ಟಿ ಕನ್ನಡ ಶಾಲೆಗಳ ಬೆಂಚುಗಳಲ್ಲಿ ಈಗ ಕೂರುವುದು ಹೆಚ್ಚಾಗಿ ಇವರ ಮಕ್ಕಳೇ. ಇವರ ಹೆಸರು ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿಲ್ಲ, ಪತ್ರಿಕೆಯ ಸಮಾರಂಭದ ವರದಿಯಲ್ಲಂತೂ ಇಲ್ಲವೇ ಇಲ್ಲ. ಕಳೆದ ಬೇಸಿಗೆ ಪರಿಚಯದ ಟೀಚರೊಬ್ಬರ ಜತೆ ನಾನು ಮಕ್ಕಳನ್ನು ಶಾಲೆಗೆ ಸೇರಿಸುವ ವಿಷಯ ಹೇಳಲು ಒಂದು ಬಸ್ತಿಗೆ ಹೋಗಿದ್ದೆ. ಅಫಜಲಪುರದ ಕಡೆಯ ಒಬ್ಬ ಹೆಣ್ಣುಮಗಳು ಕೈಗೆ ಅಂಟಿದ ಸಿಮೆಂಟು ತೊಳೆಯುತ್ತ, "ಸಾಲಿ ಯಾವಾಗ ಚಾಲೂ ಆಗ್ತದ್ರೀ ಅಕ್ಕಾರ? ಆಧಾರ ಇಲ್ಲಂದ್ರ ತಗೋತಾರೇನು?" ಎಂದು ಕೇಳಿದಳು. ಎರಡು ಮಕ್ಕಳ ಹೆಸರು, ಶಾಲೆಯ ವಿಳಾಸ, ಯಾವ ದಿನ, ಎಷ್ಟು ಹೊತ್ತಿಗೆ, ಅಲ್ಲಿ ಯಾರನ್ನು ಕಾಣಬೇಕು, ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಪಕ್ಕದ ಗುಡಿಸಲಿನವಳನ್ನು ಕೂಗಿದಳು. ಅಲ್ಲಿಂದ ಇನ್ನಿಬ್ಬರು ಬಂದರು. ಟೀಚರ್ ತಮ್ಮ ಪುಸ್ತಕದಲ್ಲಿ ಹೆಸರುಗಳನ್ನು ಬರೆದುಕೊಳ್ಳುತ್ತ ಹೋದರು, ನಾನು ಚೀಟಿಗಳನ್ನು. ನಮ್ಮ ಡೊಂಬಿವಲಿಯ ಗೆಳತಿಯರ ಗುಂಪು ಜೂನಿನಲ್ಲಿ ಹಂಚುವ ನೋಟ್ ಪುಸ್ತಕಗಳ ಪಟ್ಟಿಗೆ ಆ ಹೆಸರುಗಳನ್ನೂ ಸೇರಿಸಲು ಅದೇ ಸಂಜೆ ಫೋನ್ ಮಾಡಿದೆ.